ಎರಡು ಅಂಕದ ಅಂತರ

“ಅರ್ಧಕ್ಕಿಂತ ಜಾಸ್ತಿ ದಿನ ಅಂದ್ರೆ ಎಷ್ಟು ಮೇಡಂ? ಎಂಟೋ, ಒಂಬತ್ತೋ?”

ಚಿಕ್ಕಪ್ಪ ಹೀಗೆ ಕೇಳಿದಾಗ ಎದುರಿಗೆ ಕೂತಿದ್ದ ಡಾಕ್ಟರ ಪೆನ್ನು ಅಲ್ಲೇ ನಿಂತಿತು. ಇನ್ನೂ ಚಿಕ್ಕ ವಯಸ್ಸು ಅವರಿಗೆ. ಹೊರಗೆ ಬೆಂಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. “ಹೋದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದು ಎಷ್ಟು ದಿನ ಯಜಮಾನ್ರೇ? ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನಾಲೂ. ಇದರಲ್ಲಿ ಒಂದು ಹೇಳಿ” ಅಂತ ಕೇಳಿದ್ದರು. ಹದಿನಾಲ್ಕರಲ್ಲಿ ಅರ್ಧ ಏಳು. ಅದಕ್ಕಿಂತ ಜಾಸ್ತಿ ಅಂದರೆ ಎಂಟರಿಂದ ಶುರು. ಚಿಕ್ಕಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ತಿಪಟೂರಿನ ಹತ್ತಿರ ತೋಟ ಇಟ್ಟುಕೊಂಡು ನಲವತ್ತು ವರ್ಷ ತೆಂಗಿನಕಾಯಿ ಎಣಿಸಿದ ಮನುಷ್ಯ. ಕಾಯಿ ಲೆಕ್ಕದಲ್ಲಿ ‘ಸುಮಾರು’ ಅನ್ನೋ ಮಾತು ಅವರಿಗೆ ಗೊತ್ತೇ ಇಲ್ಲ.

“ಎಂಟು ದಿನಕ್ಕಿಂತ ಕಮ್ಮಿ ಇಲ್ಲ ಅಲ್ವಾ? ಹಾಕ್ಕೊಳ್ಳಲಾ?”

“ಹಾಕ್ಕೊಳ್ಳಿ. ನಿಮಗೆ ಹೆಂಗೆ ಅನುಕೂಲವೋ ಹಂಗೆ.”

ಆ ಪ್ರಶ್ನೆಗೆ 2 ಅಂಕ ಬಿತ್ತು.

ಪಕ್ಕದ ಸ್ಟೂಲಿನ ಮೇಲೆ ನಾನು ಕೂತಿದ್ದೆ. ನನ್ನ ಕೆಲಸ ಬೆಂಗಳೂರಿನಲ್ಲಿ, ಔಷಧ ಪ್ರಯೋಗಗಳ ಡೇಟಾ ನೋಡುವುದು. ಯಾವುದೋ ದೇಶದ ಯಾವುದೋ ಊರಿನಲ್ಲಿ ರೋಗಿಗೆ ಮಾತ್ರೆ ಕೊಡುತ್ತಾರೆ, ವಾರವಾರ ಕೂರಿಸಿ ಪ್ರಶ್ನೆ ಕೇಳುತ್ತಾರೆ, ಅಂಕ ಹಾಕುತ್ತಾರೆ. ಆ ಅಂಕಗಳೆಲ್ಲ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಿಗೆ ಬಂದು ಬೀಳುತ್ತವೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದೇವೆ. ಆ ವರ್ಷ ನನ್ನ ಕೈಯಲ್ಲಿದ್ದದ್ದು ಡಿಪ್ರೆಶನ್ ಮಾತ್ರೆಯ ಪ್ರಯೋಗ. ಶುರುವಿನ ಅಂಕ ಒಂದು ಕಾಲಂ, ಆರನೇ ವಾರದ ಅಂಕ ಇನ್ನೊಂದು ಕಾಲಂ. ಒಂದರಲ್ಲಿ ಒಂದು ಕಳೆದರೆ ಮೂರನೇ ಕಾಲಂ. ಇಡೀ ಪ್ರಯೋಗದ ಹಣೆಬರಹ ಆ ಮೂರನೇ ಕಾಲಂನಲ್ಲಿರುತ್ತದೆ. ಆ ಕಾಲಂನ ಆಚೆ ತುದಿಯಲ್ಲಿ ಯಾರೋ ಒಬ್ಬರು ಸೋತ ದನಿಯಲ್ಲಿ “ನಿಮಗೆ ಹೆಂಗೆ ಅನುಕೂಲವೋ ಹಂಗೆ” ಅಂದಿರಬಹುದು ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಡಾಕ್ಟರ ಕೈಯಲ್ಲಿದ್ದದ್ದು ಖಿನ್ನತೆ ಎಷ್ಟಿದೆ ಅಂತ ಅಳೆಯುವ ಹಾಳೆ, ಹೆಸರು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ರಾಬರ್ಟ್ ಸ್ಪಿಟ್ಸರ್, ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೋಂಕಿ ಅನ್ನುವ ಅಮೆರಿಕದವರು ಮಾಡಿದ್ದು. ಅದರ ಬಗ್ಗೆ ಮುಖ್ಯ ಲೇಖನ ಬಂದದ್ದು 2001ರಲ್ಲಿ. ದುಡ್ಡು ಕೊಟ್ಟದ್ದು ಫೈಜರ್ ಕಂಪನಿ. ಅದೇ ಕಂಪನಿ ಸೆರ್ಟ್ರಾಲಿನ್ ಅನ್ನುವ ಡಿಪ್ರೆಶನ್ ಮಾತ್ರೆಯನ್ನೂ ಮಾರುತ್ತಿತ್ತು. ಹಾಗಂತ ಹಾಳೆ ಸುಳ್ಳು ಅಂತಲ್ಲ. ಚೆನ್ನಾಗಿಯೇ ಇದೆ, ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ತಕ್ಕಡಿ ಮಾಡಿಸಿಕೊಟ್ಟವರು ಯಾರು ಅಂತ ಗೊತ್ತಿದ್ದರೆ ಒಳ್ಳೇದು, ಅಷ್ಟೆ.

ಕಂಪನಿಗಳು ಹೊಸ ಮಾತ್ರೆಯನ್ನು ಸರ್ಕಾರದ ಮುಂದೆ ಇಡುವಾಗ ಮಾತ್ರ ಈ ಹಾಳೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅಲ್ಲಿ ಇನ್ನೂ ಹಳೆಯ ತಕ್ಕಡಿ ಬೇಕು. 1960ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಅನ್ನುವ ಮನೋವೈದ್ಯ ಒಂದು ಪಟ್ಟಿ ಮಾಡಿದ. ನಾವೆಲ್ಲ ಅದನ್ನು ಹ್ಯಾಮ್-ಡಿ ಅನ್ನುತ್ತೇವೆ. ಹದಿನೇಳು ಅಂಶ. ಕೆಲವಕ್ಕೆ 0ರಿಂದ 4, ಕೆಲವಕ್ಕೆ 0ರಿಂದ 2. ಈಗ ಚಾಲ್ತಿಯಲ್ಲಿರುವ ರೂಪದಲ್ಲಿ ಒಟ್ಟು 52. ರೋಗಿ ತಾನೇ ತುಂಬುವ ಹಾಳೆ ಅಲ್ಲ ಇದು. ತರಬೇತಿ ಆದವರು ಎದುರಿಗೆ ಕೂತು ಅರ್ಧ ಗಂಟೆ ಮಾತಾಡಿಸಿ ಅಂಕ ಹಾಕಬೇಕು. ಹ್ಯಾಮಿಲ್ಟನ್ ಇದನ್ನು ರೋಗ ಕಂಡುಹಿಡಿಯೋಕೆ ಮಾಡಿದ್ದಲ್ಲ. ಖಿನ್ನತೆ ಇದೆ ಅಂತ ಆಗಲೇ ಗೊತ್ತಿರುವ ರೋಗಿಯಲ್ಲಿ ಅದು ಎಷ್ಟು ಜೋರಾಗಿದೆ ಅಂತ ಬರೆದಿಡೋಕೆ ಒಂದು ಸಾಧನ ಬೇಕಿತ್ತು, ಮಾಡಿಕೊಂಡ. ಅದೇ ಸಾಧನ ಆಮೇಲೆ ಅರವತ್ತು ವರ್ಷ ಯಾವ ಮಾತ್ರೆ ಮಾರುಕಟ್ಟೆಗೆ ಬರಬೇಕು ಅಂತ ತೀರ್ಮಾನ ಮಾಡುತ್ತಾ ಕೂತಿತು.

ಹದಿನೇಳರ ಪಟ್ಟಿಯನ್ನು ಒಂದು ಸಲ ನಿಧಾನವಾಗಿ ಓದಿ ನೋಡಿದರೆ ತಮಾಷೆಗಳು ಕಾಣುತ್ತವೆ. ಮನಸ್ಸು ಕುಗ್ಗಿದೆಯಾ ಅನ್ನುವುದಕ್ಕೆ ಹೆಚ್ಚೆಂದರೆ 4 ಅಂಕ. ಸಾಯುವ ಯೋಚನೆಗೂ 4. ನಿದ್ದೆಗೆ? ಮಲಗಿದ ಕೂಡಲೇ ಬರಲ್ಲ, ನಡುವೆ ಎಚ್ಚರ ಆಗುತ್ತೆ, ಬೆಳಗಿನ ಜಾವ ಬೇಗ ಎಚ್ಚರ ಆಗುತ್ತೆ. ಮೂರು ಬೇರೆಬೇರೆ ಅಂಶ, ಒಂದೊಂದಕ್ಕೆ 2, ಒಟ್ಟು 6. ಸಾಯಬೇಕು ಅನ್ನಿಸುವುದಕ್ಕಿಂತ ನಿದ್ದೆ ಬಾರದಿರುವುದಕ್ಕೆ ಜಾಸ್ತಿ ತೂಕ! ಇನ್ನು ಹಸಿವಿಗೆ 2, ತೂಕ ಇಳಿದದ್ದಕ್ಕೆ 2. ಅಂದರೆ ಒಳ್ಳೆ ನಿದ್ದೆ ಬರಿಸಿ ಹೊಟ್ಟೆ ಹಸಿಯುವಂತೆ ಮಾಡುವ ಮಾತ್ರೆ, ಮನಸ್ಸಿನ ತಂಟೆಗೇ ಹೋಗದೆ, ಹತ್ತಿರ ಹತ್ತಿರ 10 ಅಂಕ ಕಿತ್ತು ಹಾಕಬಹುದು. ಮೈಗೆ ಮಂಪರು ತರುವ ಹಳೇ ಮಾತ್ರೆಗಳಿಗೆ ಈ ಪಟ್ಟಿಯಲ್ಲಿ ಅನುಕೂಲ ಇದೆ ಅಂತ ತಿಳಿದವರು ಬಹಳ ಹಿಂದಿನಿಂದ ಹೇಳುತ್ತಲೇ ಬಂದಿದ್ದಾರೆ.

ಇದು ಗೊತ್ತಿದ್ದೇ 1979ರಲ್ಲಿ ಸ್ಟುವರ್ಟ್ ಮಾಂಟ್ಗೊಮರಿ ಮತ್ತು ಸ್ವೀಡನ್ನಿನ ಮರೀ ಓಸ್ಬರಿ ಸೇರಿ ಇನ್ನೊಂದು ಪಟ್ಟಿ ಮಾಡಿದರು. ಮ್ಯಾಡ್ರ್ಸ್ ಅಂತ ಕರೆಯುತ್ತೇವೆ. ಹತ್ತೇ ಅಂಶ, ಒಟ್ಟು 60. ಮನಸ್ಸಿನ ಕಡೆ ಜಾಸ್ತಿ ಒಲವು, ಮೈ ಕಡೆ ಕಮ್ಮಿ. ಈಗಿನ ಹೊಸ ಪ್ರಯೋಗಗಳಲ್ಲಿ ಇದೇ ಜಾಸ್ತಿ ಕಾಣುತ್ತದೆ. ಆದರೆ ಹತ್ತನ್ನು ಆರಿಸಿದ್ದು ಹೇಗೆ ಅಂತ ಓದಿದಾಗ ನನಗೆ ನಗು ಬಂತು. ಮೊದಲು 65 ಅಂಶದ ದೊಡ್ಡ ಪಟ್ಟಿ ಇತ್ತು. ಅದರಲ್ಲಿ ರೋಗಿಗಳಲ್ಲಿ ಜಾಸ್ತಿ ಕಂಡುಬಂದ 17 ಇಟ್ಟುಕೊಂಡರು. ಆಮೇಲೆ ಆಗಿನ ಮಾತ್ರೆಗಳನ್ನು ಕೊಟ್ಟಾಗ ಯಾವ ಹತ್ತು ಅಂಶ ಜಾಸ್ತಿ ಬದಲಾದವೋ ಅವನ್ನು ಉಳಿಸಿಕೊಂಡರು. ಬದಲಾವಣೆಯನ್ನು ಚುರುಕಾಗಿ ಹಿಡಿಯಬೇಕು ಅನ್ನುವುದು ಅವರ ಉದ್ದೇಶ, ತಪ್ಪೇನಿಲ್ಲ. ಆದರೂ ಮಾತ್ರೆಗೆ ಬಗ್ಗದ ಲಕ್ಷಣ ಪಟ್ಟಿಯಿಂದಲೇ ಹೊರಗೆ ಹೋಯಿತಲ್ಲ! ಹುಡುಗನಿಗೆ ಬರುವ ಲೆಕ್ಕಗಳನ್ನೇ ನೋಡಿ ಪ್ರಶ್ನೆಪತ್ರಿಕೆ ತೆಗೆದ ಹಾಗೆ.

ಭಾಷೆಯ ಪಾಡು ಬೇರೆ. ಹ್ಯಾಮ್-ಡಿಯ ಎರಡನೇ ಅಂಶ ತಪ್ಪಿತಸ್ಥ ಭಾವನೆ. ತಿಪಟೂರು ಸೀಮೆಯಲ್ಲಿ ಯಾರಾದರೂ ಬಾಯಿಬಿಟ್ಟು ‘ತಪ್ಪಿತಸ್ಥ ಭಾವನೆ’ ಅಂದದ್ದು ನಾನು ಕೇಳಿಲ್ಲ. ಚಿಕ್ಕಪ್ಪ ಅಂದದ್ದು, “ಬೋರು ಬತ್ತಿಹೋಗಿದ್ದು ನನ್ನ ದೆಸೆಯಿಂದ ಕಣವ್ವ.” ಅಂತರ್ಜಲ ಕುಸಿದದ್ದಕ್ಕೂ ಅವರೇ ಹೊಣೆ. ಇನ್ನು ‘ಬೇಜಾರು’ ಅನ್ನುವ ಮಾತು. ಬಸ್ಸು ತಡ ಆದರೂ ಬೇಜಾರು, ಮದುವೆಗೆ ಕರೆಯದಿದ್ದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು. “ಬೇಜಾರಾಗ್ತದಾ?” ಅಂತ ಡಾಕ್ಟರು ಕೇಳಿದರೆ ಚಿಕ್ಕಪ್ಪ “ಬೇಜಾರೇನಿಲ್ಲ” ಅನ್ನುತ್ತಿದ್ದರು. ಅವರ ಪ್ರಕಾರ ಅದು ನಿಜವೇ. ಅವರಿಗಿದ್ದದ್ದು ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ ಭಾರ, ಕೈಕಾಲಲ್ಲಿ ಸೋಲು, ಯಾವುದೂ ಬ್ಯಾಡ ಅನ್ನೋದು. ಅದಕ್ಕೆ ಅವರು ಬೇಜಾರು ಅಂತ ಹೆಸರಿಟ್ಟಿರಲಿಲ್ಲ. ಹೆಸರೇ ಇಟ್ಟಿರಲಿಲ್ಲ.

ಆಫೀಸಿಗೆ ವಾಪಸ್ ಬಂದಮೇಲೆ ನಾನು ಡೇಟಾವನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಹಿಂದೆಯೂ ಕಂಡದ್ದೇ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಂಥ ಪ್ರಯೋಗಕ್ಕೆ ಸೇರಬೇಕಾದರೆ ಶುರುವಿನಲ್ಲಿ ಇಷ್ಟು ಅಂಕ ಇರಲೇಬೇಕು ಅಂತ ನಿಯಮ ಇರುತ್ತದೆ. 20 ಅಂತಿಟ್ಟುಕೊಳ್ಳಿ. ಶುರುವಿನ ಅಂಕಗಳ ಗ್ರಾಫ್ ಹಾಕಿದರೆ 20, 21ರ ಹತ್ತಿರ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. 19, 18ರಲ್ಲಿ ಬಯಲು. ರೋಗಿಗಳೆಲ್ಲ ಮಾತಾಡಿಕೊಂಡು 20ಕ್ಕೆ ಬಂದರಾ? ಇಲ್ಲ. ಒಬ್ಬ ರೋಗಿ ಸೇರಿದರೆ ಆ ಆಸ್ಪತ್ರೆಗೆ ಇಷ್ಟು ದುಡ್ಡು. ಸೇರಿಸಲೇಬೇಕು ಅನ್ನುವ ಅವಸರ ಇರುತ್ತದೆ. 20ಕ್ಕೆ ಸ್ವಲ್ಪ ಕಮ್ಮಿ ಇರುವವರಿಗೆ ಎಲ್ಲೋ ಎರಡು ಮೂರು ಕಡೆ 1ರ ಬದಲು 2 ಬೀಳುತ್ತದೆ. ಯಾರೂ ಬೇಕಂತ ಸುಳ್ಳು ಬರೆಯಬೇಕಾಗಿಲ್ಲ. ಸ್ವಲ್ಪ ಉದಾರ ಆದರೆ ಸಾಕು.

ಸೇರಿಸಿಕೊಂಡಾಯಿತು. ಇನ್ನು ಉದಾರ ಆಗುವ ಅಗತ್ಯ ಇಲ್ಲ. ಮುಂದಿನ ವಾರ ಅದೇ ರೋಗಿಗೆ ನಿಜವಾದ 17 ಬೀಳುತ್ತದೆ. ಕಾಗದದ ಮೇಲೆ ಮೂರು ಅಂಕ ‘ಸುಧಾರಣೆ’! ಪ್ಲಸೀಬೊ, ಅಂದರೆ ಔಷಧವೇ ಇಲ್ಲದ ಹುಸಿ ಮಾತ್ರೆ, ತಗೊಂಡವರಿಗೂ ಅಷ್ಟೇ, ನಿಜವಾದ ಮಾತ್ರೆ ತಗೊಂಡವರಿಗೂ ಅಷ್ಟೇ. ಅದರ ಜೊತೆಗೆ, ಜನ ಪ್ರಯೋಗಕ್ಕೆ ಬರುವುದು ತೀರಾ ಕೆಟ್ಟಿರುವ ಹೊತ್ತಿನಲ್ಲಿ. ಕೆಟ್ಟದ್ದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಇನ್ನೂ ಒಂದಿದೆ. ವಾರಕ್ಕೊಂದು ಸಲ ಒಬ್ಬರು ಎದುರಿಗೆ ಕೂತು, ಫೋನ್ ಪಕ್ಕಕ್ಕಿಟ್ಟು, ಅರ್ಧ ಗಂಟೆ “ಹೇಗಿದ್ದೀರಿ, ನಿದ್ದೆ ಬಂತಾ, ಊಟ ಸೇರ್ತಾ” ಅಂತ ವಿಚಾರಿಸುತ್ತಾರೆ. ಚಿಕ್ಕಪ್ಪನಿಗೆ ಆ ಡಾಕ್ಟರು ಕೊಟ್ಟದ್ದು ಆರು ನಿಮಿಷ, ಅದೂ ಅವರು ಒಳ್ಳೆಯವರಾಗಿದ್ದರಿಂದ. ಪ್ಲಸೀಬೊ ಅಂದರೆ ಬರೀ ಸಕ್ಕರೆ ಗುಳಿಗೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಅರ್ಧ ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗಾಗಿ ಪ್ಲಸೀಬೊ ಗುಂಪು ಸುಮ್ನೆ ಕೂರುವುದಿಲ್ಲ, ಅದೂ ಸುಧಾರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಹೋದ 232 ಪ್ರಯೋಗಗಳ, 73,388 ರೋಗಿಗಳ ಡೇಟಾವನ್ನು 2022ರಲ್ಲಿ ಒಂದು ತಂಡ ಒಟ್ಟು ಹಾಕಿ ನೋಡಿತು. ಮಾತ್ರೆ ತಗೊಂಡವರಲ್ಲಿ ಹ್ಯಾಮ್-ಡಿ ಅಂಕ ಸರಾಸರಿ 9.8 ಇಳಿದಿತ್ತು. ಪ್ಲಸೀಬೊದಲ್ಲಿ 8.0. ಅಂತರ ಎರಡಕ್ಕೂ ಸ್ವಲ್ಪ ಕಮ್ಮಿ. 2008ರಲ್ಲಿ ಇರ್ವಿಂಗ್ ಕರ್ಷ್ ಅನ್ನುವ ಮನಶ್ಶಾಸ್ತ್ರಜ್ಞ ನಾಲ್ಕು ಮಾತ್ರೆಗಳ 35 ಪ್ರಯೋಗ ನೋಡಿದಾಗಲೂ ಸಿಕ್ಕಿದ್ದು 1.8. ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಅನ್ನುವ ಸಂಸ್ಥೆ ಒಂದು ಕಾಲಕ್ಕೆ ಕನಿಷ್ಠ 3 ಅಂಕದ ಅಂತರ ಇದ್ದರೆ ಮಾತ್ರ ರೋಗಿಗೆ ಉಪಯೋಗ ಅಂತ ಗೆರೆ ಎಳೆದಿತ್ತು. ಅದಕ್ಕೇ ಕರ್ಷ್ ಲೇಖನ ಬಂದಾಗ ಪತ್ರಿಕೆಗಳು ‘ಡಿಪ್ರೆಶನ್ ಮಾತ್ರೆ ಕೆಲಸ ಮಾಡಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದವು. ಹತ್ತು ವರ್ಷ ಬಿಟ್ಟು, 2018ರಲ್ಲಿ, ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ತಂಡ 522 ಪ್ರಯೋಗ, 1,16,477 ಜನರ ಲೆಕ್ಕ ಹಾಕಿ 21 ಮಾತ್ರೆಗಳೂ ಪ್ಲಸೀಬೊಗಿಂತ ಮೇಲು ಅಂದಿತು. ಅದೇ ಪತ್ರಿಕೆಗಳು ‘ಮಾತ್ರೆ ಕೆಲಸ ಮಾಡುತ್ತೆ, ವಾದ ಮುಗೀತು’ ಅಂದವು. ತಮಾಷೆ ಅಂದರೆ ಎರಡೂ ತಂಡಗಳಿಗೆ ಸಿಕ್ಕ ಅಂತರ ಹೆಚ್ಚುಕಡಿಮೆ ಒಂದೇ. ಒಂದೇ ಲೋಟ ನೀರು. ಒಬ್ಬರು ಬಾಯಾರಿಕೆಗೆ ಸಾಲದು ಅಂದರು, ಇನ್ನೊಬ್ಬರು ನೀರು ಇದೆ ಅಂದರು.

ಈ ಎರಡು ಅಂಕವನ್ನು ಏನಂತ ಓದಬೇಕು? ನಾನು ತುಂಬ ದಿನ ತಲೆ ಕೆಡಿಸಿಕೊಂಡಿದ್ದೇನೆ. ಎರಡು ಅಂಕ ಅಂದರೆ, ಪಟ್ಟಿಯ ಪ್ರಕಾರ, ರಾತ್ರಿ ಮಲಗಿದ ತಕ್ಷಣ ನಿದ್ದೆ ಬಂದರೆ ಆಗಿಹೋಯಿತು. ಏನೇನೂ ಅಲ್ಲ ಅನ್ನಿಸುತ್ತದೆ. ಆದರೆ ಸರಾಸರಿ ಅಂದರೆ ಎಲ್ಲರಿಗೂ ಎರಡೆರಡು ಅಂಕ ಹಂಚಿದರು ಅಂತ ಅಲ್ಲವಲ್ಲ. ತಿಪಟೂರು ತಾಲ್ಲೂಕಿನ ಸರಾಸರಿ ಮಳೆ ಇಷ್ಟು ಅಂತ ಪೇಪರಿನಲ್ಲಿ ಬರುತ್ತದೆ. ನೊಣವಿನಕೆರೆ ಹೋಬಳಿಯಲ್ಲಿ ಕೆರೆ ಕೋಡಿ ಬಿದ್ದಿರಬಹುದು, ಹೊನ್ನವಳ್ಳಿಯಲ್ಲಿ ಹನಿ ಬಿದ್ದಿರಲಿಕ್ಕಿಲ್ಲ. ಆ 2022ರ ತಂಡ ಇದನ್ನೇ ಕೆದಕಿ ನೋಡಿತು. ಎಲ್ಲರಿಗೂ ಒಂಚೂರು ಅಂತಲ್ಲ, ಸುಮಾರು ನೂರಕ್ಕೆ 15 ಜನರಿಗೆ ಪ್ಲಸೀಬೊ ಕೊಡದಷ್ಟು ದೊಡ್ಡ ಉಪಯೋಗ ಮಾತ್ರೆಯಿಂದ ಆದ ಹಾಗೆ ಅವರಿಗೆ ಕಂಡಿತು. ಆ ಹದಿನೈದು ಜನ ಯಾರು ಅಂತ ಮುಂಚೆಯೇ ಹೇಳುವ ದಾರಿ ಇನ್ನೂ ಸಿಕ್ಕಿಲ್ಲ. ಚಿಕ್ಕಪ್ಪ ಅದರಲ್ಲಿ ಒಬ್ಬರೋ ಅಲ್ಲವೋ, ಅವರನ್ನೇ ಇನ್ನೊಂದು ಸಲ ಪ್ಲಸೀಬೊ ಕೊಟ್ಟು ಬದುಕಿಸಿ ನೋಡುವ ಹಾಗಿದ್ದರೆ ತಾನೇ ಗೊತ್ತಾಗೋದು?

(ಇಲ್ಲಿಯವರೆಗೆ ಓದಿ ಯಾರಾದರೂ ಮನೆಯಲ್ಲಿ ತಗೊಳ್ಳುತ್ತಿರುವ ಮಾತ್ರೆಯನ್ನು ಡ್ರಾಯರಿಗೆ ಹಾಕುವ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಬೇಡ. ಈ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಮೈ ಮನಸ್ಸು ಎರಡೂ ಕೆಡುತ್ತವೆ. ನಿಮ್ಮ ಡಾಕ್ಟರನ್ನೇ ಕೇಳಿ.)

ನನ್ನ ಕೆಲಸದಲ್ಲಿ ನನಗೆ ತೀರಾ ಇರಿಸುಮುರಿಸಾಗುವುದು ಇನ್ನೊಂದು ಟೇಬಲ್ ಮಾಡುವಾಗ. ಅದರ ಹೆಸರು ‘ರೆಸ್ಪಾಂಡರ್’. ಶುರುವಿನ ಅಂಕ ಅರ್ಧಕ್ಕೆ ಇಳಿದರೆ ಪಾಸು, ಇಲ್ಲದಿದ್ದರೆ ಫೇಲು. ಪ್ರೋಗ್ರಾಮಿನಲ್ಲಿ ಒಂದೇ ಸಾಲು. ಇಬ್ಬರು ರೋಗಿಗಳು ಪಕ್ಕಪಕ್ಕ ಇದ್ದಾರೆ ಅಂದುಕೊಳ್ಳಿ. ಇಬ್ಬರೂ ಕೊನೇ ದಿನ 13 ಅಂಕದಲ್ಲಿದ್ದಾರೆ. ಅದೇ ನಿದ್ದೆ, ಅದೇ ಮಂಕು. ಒಬ್ಬರು ಶುರುಮಾಡಿದ್ದು 26ರಿಂದ, ಹಾಗಾಗಿ ಪಾಸು. ಇನ್ನೊಬ್ಬರು 25ರಿಂದ. ನೂರಕ್ಕೆ 48 ಇಳಿದಿದೆ, ಫೇಲು. ಎರಡು ಅಂಕದ ಅಂತರ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಪಾಸು ಫೇಲು ಮಾಡಿ ‘ಮಾತ್ರೆಯಿಂದ ನೂರಕ್ಕೆ 50 ಜನರಿಗೆ ಗುಣ’ ಅಂದರೆ ಕೇಳೋಕೆ ಗಟ್ಟಿಯಾಗಿರುತ್ತದೆ. ಜಾಹೀರಾತಿನಲ್ಲಿ, ಡಾಕ್ಟರ ಮೇಜಿನ ಮೇಲಿನ ಬಣ್ಣದ ಹಾಳೆಯಲ್ಲಿ ಬರುವುದು ಈ ಎರಡನೇ ರೀತಿಯ ಮಾತು.

ಇಷ್ಟೆಲ್ಲ ಅಳೆದ ಮೇಲೂ ಅಳೆದದ್ದು ಹೊರಗೆ ಬರಬೇಕಲ್ಲ. ಎರಿಕ್ ಟರ್ನರ್ ಅನ್ನುವ ಮನೋವೈದ್ಯ ಮೊದಲು ಎಫ್‌ಡಿಎಯಲ್ಲೇ ಕೆಲಸ ಮಾಡಿದ್ದವರು. ಅಲ್ಲಿನ ಕಡತಗಳಲ್ಲಿ ಏನಿದೆ, ಪತ್ರಿಕೆಗಳಲ್ಲಿ ಏನು ಬಂದಿದೆ ಅಂತ ಪಕ್ಕಪಕ್ಕ ಇಟ್ಟು 2008ರಲ್ಲಿ ಒಂದು ಲೇಖನ ಬರೆದರು. 12 ಮಾತ್ರೆ, 74 ಪ್ರಯೋಗ. ಎಫ್‌ಡಿಎ ಪ್ರಕಾರ 38 ಗೆದ್ದಿದ್ದವು. ಒಂದು ಬಿಟ್ಟು ಅಷ್ಟೂ ಅಚ್ಚಾದವು. ಉಳಿದ 36 ಸೋತಿದ್ದವು, ಇಲ್ಲಾ ಅನುಮಾನದಲ್ಲಿದ್ದವು. ಅದರಲ್ಲಿ 22 ಅಚ್ಚಾಗಲೇ ಇಲ್ಲ. 11 ಅಚ್ಚಾದವು, ಆದರೆ ಗೆದ್ದ ವೇಷದಲ್ಲಿ. ಸೋತೆವು ಅಂತ ಒಪ್ಪಿಕೊಂಡವು ಮೂರೇ ಮೂರು. ಪತ್ರಿಕೆ ಓದುವ ಡಾಕ್ಟರಿಗೆ ನೂರಕ್ಕೆ 94 ಪ್ರಯೋಗ ಗೆದ್ದ ಹಾಗೆ ಕಾಣುತ್ತಿತ್ತು. ಕಡತದಲ್ಲಿದ್ದದ್ದು 51. ಈಗ ಪ್ರಯೋಗ ಶುರುಮಾಡುವ ಮುಂಚೆಯೇ ಏನನ್ನು ಅಳೆಯುತ್ತೇವೆ ಅಂತ ನೋಂದಾಯಿಸಬೇಕು. ನಮ್ಮ ದೇಶದಲ್ಲೂ ಸಿಟಿಆರ್‌ಐ ಅನ್ನುವ ನೋಂದಣಿ 2007ರಿಂದ ಇದೆ, 2009ರ ಜೂನ್‌ನಿಂದ ಕಡ್ಡಾಯ. ಯಾರು ಬೇಕಾದರೂ ತೆಗೆದು ನೋಡಬಹುದು.

ನೋಂದಣಿ ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಕೆಲಸದಲ್ಲಿ ಹೊಸಬರಿಗೆ ಹೇಳುವ ಕತೆ ‘ಸ್ಟಡಿ 329’. 275 ಹದಿಹರೆಯದ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಪ್ಯಾರಾಕ್ಸೆಟಿನ್ ಅನ್ನುವ ಡಿಪ್ರೆಶನ್ ಮಾತ್ರೆ, ಒಂದಕ್ಕೆ ಇನ್ನೊಂದು ಹಳೇ ಮಾತ್ರೆ, ಒಂದಕ್ಕೆ ಪ್ಲಸೀಬೊ ಕೊಟ್ಟು ಎಂಟು ವಾರ ನೋಡಿದರು. ಮುಂಚೆಯೇ ಗೊತ್ತುಮಾಡಿದ್ದ ಎರಡು ಮುಖ್ಯ ಅಳತೆಗಳಲ್ಲಿ ಪ್ಯಾರಾಕ್ಸೆಟಿನ್ ಗೆಲ್ಲಲಿಲ್ಲ. ಆಮೇಲೆ ಸೇರಿಸಿಕೊಂಡ ಕೆಲವು ಅಳತೆಗಳಲ್ಲಿ ಗೆದ್ದಿತು. 2001ರಲ್ಲಿ ಅಚ್ಚಾದ ಲೇಖನ ಈ ಮಾತ್ರೆ ಒಳ್ಳೆ ಗುಣ ಕೊಡುತ್ತೆ, ಮಕ್ಕಳ ಮೈಗೆ ಒಗ್ಗುತ್ತೆ ಅಂತಲೇ ಹೇಳಿತು. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ವಿಷಯ ಓದಿದಾಗ. ಮಾತ್ರೆ ತಗೊಂಡ ಮೇಲೆ ಮಕ್ಕಳಿಗೆ ಏನೇನು ತೊಂದರೆ ಆಯಿತು ಅಂತ ಡಾಕ್ಟರುಗಳು ತಮ್ಮ ಮಾತಿನಲ್ಲಿ ಬರೆದಿರುತ್ತಾರೆ. ಅದಕ್ಕೆ ಒಂದು ನಿಘಂಟು ಇಟ್ಟುಕೊಂಡು ಒಂದೊಂದು ಪದ ಅಂಟಿಸುತ್ತಾರೆ. ಅದು ನಮ್ಮ ಥರದವರದೇ ಕೆಲಸ. ಸಾಯುವ ಯೋಚನೆ, ಸಾಯಲು ಮಾಡಿದ ಪ್ರಯತ್ನ, ಇಂಥವಕ್ಕೆ ಅಲ್ಲಿ ಅಂಟಿಸಿದ್ದ ಪದ ‘ಎಮೋಷನಲ್ ಲೇಬಿಲಿಟಿ’. ಭಾವನೆಗಳ ಏರುಪೇರು! ಟೇಬಲ್ಲಿನಲ್ಲಿ ಆ ಪದ ನೋಡಿದವರು, ಹದಿಹರೆಯದ ಮಕ್ಕಳು, ಸಹಜ, ಅಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. 2015ರಲ್ಲಿ ಬೇರೆ ತಂಡ ಅದೇ ಡೇಟಾವನ್ನು ಬುಡದಿಂದ ನೋಡಿ, ಮಾತ್ರೆಯಿಂದ ಉಪಯೋಗ ಇಲ್ಲ, ತೊಂದರೆ ಇದೆ ಅಂತ ಬರೆಯಿತು. ಅಷ್ಟರಲ್ಲಿ ಕಂಪನಿ, ಗ್ಲಾಕ್ಸೊಸ್ಮಿತ್‌ಕ್ಲೈನ್, 2012ರಲ್ಲಿ ಅಮೆರಿಕದ ಸರ್ಕಾರಕ್ಕೆ 300 ಕೋಟಿ ಡಾಲರ್ ಕಟ್ಟಿ ಮೊಕದ್ದಮೆ ಮುಗಿಸಿಕೊಂಡಿತ್ತು. ಪ್ಯಾರಾಕ್ಸೆಟಿನ್ ಅನ್ನು ಮಕ್ಕಳಿಗೆ ಅಂತ ಪ್ರಚಾರ ಮಾಡಿದ್ದು ಅದರಲ್ಲಿನ ಆರೋಪಗಳಲ್ಲಿ ಒಂದು. ಆ ಪದ ಅಂಟಿಸಿದವರು ಯಾರೋ, ಅವತ್ತು ಸಂಜೆ ಎಲ್ಲರ ಹಾಗೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಿರುತ್ತಾರೆ. ನಾನೂ ದಿನಾ ಹಾಗೇ ಹೋಗುವವಳು.

ಕಂಪನಿ ದುಡ್ಡಿಲ್ಲದೆ ಮಾಡಿದರೂ ಅಳತೆಯ ಗೋಳು ತಪ್ಪುವುದಿಲ್ಲ. ಅಮೆರಿಕದ ಸರ್ಕಾರವೇ ದುಡ್ಡು ಹಾಕಿ ಮಾಡಿಸಿದ ಸ್ಟಾರ್-ಡಿ ಅನ್ನುವ ದೊಡ್ಡ ಅಧ್ಯಯನದಲ್ಲಿ 4,041 ಜನ ಇದ್ದರು. ಒಂದು ಮಾತ್ರೆ ಆಗದಿದ್ದರೆ ಇನ್ನೊಂದು, ಹೀಗೆ ನಾಲ್ಕು ಹಂತ. 2006ರಲ್ಲಿ ಬಂದ ಲೆಕ್ಕ: ನಾಲ್ಕು ಹಂತ ದಾಟುವಷ್ಟರಲ್ಲಿ ನೂರಕ್ಕೆ 67 ಜನರಿಗೆ ವಾಸಿ. 2023ರಲ್ಲಿ ಬೇರೆಯವರು ಮೂಲ ಯೋಜನೆಯಲ್ಲಿ ಬರೆದ ಹಾಗೆಯೇ ಹ್ಯಾಮಿಲ್ಟನ್ ಪಟ್ಟಿ ಹಿಡಿದು, ಯಾರನ್ನು ಸೇರಿಸಬೇಕು ಅನ್ನುವ ನಿಯಮವನ್ನೂ ಹಾಗೆಯೇ ಇಟ್ಟು ಎಣಿಸಿದರೆ 35 ಬಂತು. ಮೂಲ ತಂಡದವರು ಒಪ್ಪಲಿಲ್ಲ. ಇಬ್ಬರ ಜಗಳ ಇನ್ನೂ ಇದೆ. ಚಿಕ್ಕಪ್ಪನಿಗೆ ಹೇಳಿದರೆ “ಕಾಯಿ ಒಂದೇ ರಾಶಿದಲ್ವಾ?” ಅಂತ ಕೇಳಿಯಾರು.

ಹಾಗಾದರೆ ತಕ್ಕಡಿಯೇ ಬೇಡವಾ? ಅದೂ ಆಗಲ್ಲ. ತಕ್ಕಡಿ ಇಲ್ಲದ ಕಾಲವೂ ಇತ್ತು. 1956ರಲ್ಲಿ ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್‌ಲಿಂಗನ್ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಅನ್ನುವ ವೈದ್ಯ ಇಮಿಪ್ರಮೀನ್ ಮಾತ್ರೆಯನ್ನು ಖಿನ್ನತೆ ಇರುವವರಿಗೆ ಕೊಟ್ಟು ನೋಡಿದ. ಈಗಿನ ಡಿಪ್ರೆಶನ್ ಮಾತ್ರೆಗಳ ಹಿರಿಯಜ್ಜ ಅದು. ಕೂನ್ ಅಂಕ ಹಾಕಲಿಲ್ಲ, ಪ್ಲಸೀಬೊ ಇಡಲಿಲ್ಲ. ನೋಡುತ್ತಾ ಕೂತ. ಏನು ಕಂಡ? ರೋಗಿಗಳು ಬೆಳಿಗ್ಗೆ ತಾವಾಗಿಯೇ ಏಳುತ್ತಿದ್ದಾರೆ. ದನಿ ಏರಿದೆ. ಮುಖಕ್ಕೆ ಕಳೆ ಬಂದಿದೆ. ಆಟಕ್ಕೆ ಸೇರುತ್ತಿದ್ದಾರೆ, ನಗುತ್ತಿದ್ದಾರೆ. ನನಗೆ ಈ ವರ್ಣನೆ ಯಾವ ಪಟ್ಟಿಗಿಂತಲೂ ಇಷ್ಟ. ಆದರೆ ಇಂಥದೇ ಪ್ರೀತಿಯ ಕಣ್ಣಿಟ್ಟು ನೋಡಿ, ಉಪಯೋಗವಿಲ್ಲದ ಎಷ್ಟೋ ಚಿಕಿತ್ಸೆಗಳನ್ನು ವೈದ್ಯರು ನೂರಾರು ವರ್ಷ ಮಾಡಿದ್ದಾರೆ. ರೋಗ ಹೋಗಲಿ ಅಂತ ಮೈಯಿಂದ ರಕ್ತ ತೆಗೆದಿದ್ದಾರೆ. ಒಳ್ಳೆ ಮನಸ್ಸಿನ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ. ಅದಕ್ಕೇ ಅಂಕ, ಅದಕ್ಕೇ ಪ್ಲಸೀಬೊ, ಅದಕ್ಕೇ ನನ್ನ ಸಂಬಳ.

ನನ್ನ ತಕರಾರು ಇಷ್ಟೇ. ಎಂಟು ವಾರದಲ್ಲಿ, ಅರ್ಧ ಗಂಟೆಯ ಮಾತಿನಲ್ಲಿ, ಸುಲಭಕ್ಕೆ ಕೈಗೆ ಸಿಗುವುದನ್ನು ಅಳೆಯುತ್ತೇವೆ. ಆಮೇಲೆ ಅಳೆದದ್ದಕ್ಕೆ ‘ವಾಸಿ’ ಅಂತ ಹೆಸರಿಡುತ್ತೇವೆ. ಹ್ಯಾಮ್-ಡಿಯಲ್ಲಿ 7 ಅಥವಾ ಕಮ್ಮಿ ಬಂದರೆ ವಾಸಿಯಾದ ಹಾಗೆ. 2006ರಲ್ಲಿ ಅಮೆರಿಕದ ಮಾರ್ಕ್ ಝಿಮ್ಮರ್‌ಮನ್ ಸುಮ್ನೆ ರೋಗಿಗಳನ್ನೇ ಕೇಳಿದರು: ನಿಮಗೆ ವಾಸಿಯಾಯಿತು ಅಂತ ಹೇಳೋಕೆ ಯಾವುದು ಮುಖ್ಯ? 535 ಜನ ಉತ್ತರ ಕೊಟ್ಟರು. ಮೊದಲ ಸ್ಥಾನಗಳಲ್ಲಿ ಬಂದದ್ದು ಲಕ್ಷಣ ಹೋಗುವುದಲ್ಲ. ನಾಳೆ ಬಗ್ಗೆ ಭರವಸೆ, ತನ್ನ ಮೇಲೆ ನಂಬಿಕೆ. ಮೊದಲಿನ ನಾನಾಗಿದ್ದೇನೆ ಅನ್ನಿಸುವುದು. ಮನೆ, ಕೆಲಸ ಮೊದಲಿನ ಹಾಗೆ ನಡೆಸುವುದು. ಅದಕ್ಕೂ ಐವತ್ತು ವರ್ಷದ ಹಿಂದೆ ಕೂನ್ ಆಸ್ಪತ್ರೆಯ ವಾರ್ಡಿನಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಹದಿನೇಳು ಅಂಶಗಳ ಪಟ್ಟಿಯಲ್ಲಿ ಇದಕ್ಕೆ ಹತ್ತಿರ ಬರುವುದು ಒಂದು. ‘ಕೆಲಸ ಮತ್ತು ಆಸಕ್ತಿ’, 4 ಅಂಕ.

ಚಿಕ್ಕಪ್ಪನಿಗೆ ಮಾತ್ರೆ ಶುರುವಾಗಿ ಮೂರು ತಿಂಗಳು ಆಗಿತ್ತು. ಪಿಎಚ್‌ಕ್ಯೂ 18 ಇದ್ದದ್ದು 11ಕ್ಕೆ ಬಂದಿತ್ತು. ಚಿಕ್ಕಮ್ಮನನ್ನು ಕೇಳಿದರೆ “ಏನೋ ಪರವಾಗಿಲ್ಲಮ್ಮ” ಅಂತಿದ್ದರು. ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಒಂದು ಭಾನುವಾರ ನಾನು ಊರಿಗೆ ಹೋದಾಗ ಕಾಯಿ ವ್ಯಾಪಾರಿ ಬಂದಿದ್ದ. ಹಿಂದಿನ ಸಲ ಅವನು ಬಂದಾಗ ಚಿಕ್ಕಪ್ಪ ಜಗಲಿಯಿಂದ ಎದ್ದಿರಲಿಲ್ಲ. ಅವನೇ ಎಣಿಸಿಕೊಂಡು, ಅವನೇ ಲೆಕ್ಕ ಹೇಳಿ, ದುಡ್ಡು ಚಿಕ್ಕಮ್ಮನ ಕೈಗೆ ಕೊಟ್ಟು ಹೋಗಿದ್ದ. ಈ ಸಲ ಆಳುಗಳು ಕಾಯಿ ಗಾಡಿಗೆ ತುಂಬುತ್ತಾ ಎಣಿಸುತ್ತಿದ್ದರು. ಅರ್ಧಕ್ಕೂ ಮೀರಿ ತುಂಬಿತ್ತು. ಜಗಲಿಯಿಂದ ದನಿ ಬಂತು.

“ಏಯ್, ನಿಲ್ಲಿಸು. ಎರಡು ಕಮ್ಮಿ ಹೇಳ್ದೆ.”

“ಇಲ್ಲ ಬುಡಿ ಗೌಡ್ರೇ, ಸರಿಯಾಗೇ ಅದೆ.”

“ಇಳ್ಸು ಎಲ್ಲಾನೂವೆ. ಮತ್ತೆ ಎಣ್ಸು.”

ಎಲ್ಲ ಇಳಿಸಿದರು. ಮತ್ತೆ ಎಣಿಸಿದರು. ಎರಡು ಕಮ್ಮಿಯೇ ಇತ್ತು. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ವ್ಯಾಪಾರಿಗೆ ಇದ್ಯಾಕೆ ಅಂತ ಅರ್ಥ ಆಗದೆ ನನ್ನ ಮುಖ ನೋಡಿದ. ಅವತ್ತು ಮಧ್ಯಾಹ್ನ ಚಿಕ್ಕಪ್ಪ ಅಟ್ಟ ಹತ್ತಿದರು. ಕೊಬ್ಬರಿಗೆ ಅಂತ ಇಟ್ಟ ಕಾಯಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ. ಅದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಎಂಟು ವಾರದಲ್ಲಿ ಅಟ್ಟ ಹತ್ತಿ ಅಲ್ಲಾಡಿಸಿದರೆ ನೀರಿನ ಸದ್ದು ಬಿಟ್ಟು ಇನ್ನೇನೂ ಕೇಳಲ್ಲ.

ಮಾತ್ರೆಯಿಂದಲೇ ಆಯಿತಾ? ಆ ವರ್ಷ ಮಳೆಯೂ ಚೆನ್ನಾಗಿ ಆಗಿತ್ತು. ಬೋರಿನಲ್ಲಿ ನೀರು ಬಂದಿತ್ತು. ಚಿಕ್ಕಮ್ಮ ಮನೆದೇವರಿಗೆ ಹರಕೆ ಹೊತ್ತಿದ್ದರು. ಪ್ಲಸೀಬೊ ಗುಂಪು ಇಲ್ಲದ ಪ್ರಯೋಗ ಇದು. ಒಬ್ಬನೇ ರೋಗಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದೇ ಡಾಕ್ಟರು ಇದ್ದರು. ಹಾಳೆ ತೆಗೆದರು. ನಿದ್ದೆಯ ಪ್ರಶ್ನೆ ಬಂತು.

“ನಿದ್ದೆ ಹೇಗಿದೆ ಯಜಮಾನ್ರೇ?”

“ಎರಡು ಗಂಟೆಗೆ ಎಚ್ಚರ ಆಗೋಯ್ತದೆ ಮೇಡಂ. ಆಮೇಲೆ ಮಲಗಲ್ಲ.”

“ಎಷ್ಟು ದಿನ ಹೀಗೆ?”

“ಎರಡು ವಾರದಿಂದ ದಿನಾಲೂ.”

ಡಾಕ್ಟರು ತಲೆಯಾಡಿಸಿ 3 ಅಂತ ಬರೆದರು. ನನಗೆ ಎದೆ ಧಸಕ್ಕೆಂದಿತು. ಕಾಯಿಲೆ ಜೋರಾಗಿದ್ದಾಗಲೂ ಹೀಗೇ ಎರಡು ಗಂಟೆಗೆ ಎಚ್ಚರ ಆಗಿ, ಬೆಳಗಾಗುವವರೆಗೆ ಹೆಂಚು ನೋಡುತ್ತಾ ಮಲಗಿರುತ್ತಿದ್ದರು ಅಂತ ಚಿಕ್ಕಮ್ಮ ಹೇಳಿದ್ದರು.

“ಎದ್ದು ಏನ್ಮಾಡ್ತೀರಿ ಚಿಕ್ಕಪ್ಪ?” ಅಂದೆ.

“ಇನ್ನೇನ್ ಮಾಡ್ತಾರೆ? ಎರಡು ವಾರದಿಂದ ತ್ರೀ ಫೇಸ್ ಕರೆಂಟು ಕೊಡದು ರಾತ್ರಿ ಎರಡರ ಮೇಲೆ. ತೋಟಕ್ಕೆ ನೀರು ಬುಡಬ್ಯಾಡವಾ?”

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಹಾಳೆ ನೋಡಿದರು. 3ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಏನು ಬರೆಯಬೇಕು ಅಂತ ಗೊತ್ತಾಗದೆ ಪೆನ್ನು ಹಿಡಿದು ಕೂತರು.